‘ಕೋಂ’ ಮುಂದಿನ ಖಾಲಿ ಜಾಗ

ಅಂಗಡಿಗೆ ಬಣ್ಣ ಬಳಿಸೋಣವೆಂದು ಮೂಲೆಯ ಬೀರುವನ್ನು ಸರಿಸಿದಾಗ ಅದರ ಹಿಂದಿನಿಂದ ಒಂದು ಕನ್ನಡಕದ ಡಬ್ಬಿ ಕೆಳಗೆ ಬಿತ್ತು. ಕಂದು ಬಣ್ಣದ ರೆಕ್ಸಿನ್ ಡಬ್ಬಿ. ತೆರೆದರೆ ಒಳಗೆ ಕನ್ನಡಕವಿರಲಿಲ್ಲ. ಹಳೆಯ ರೆಕ್ಸಿನ್ನಿನ ಮುಗ್ಗಲು ವಾಸನೆ, ಅದರ ಜೊತೆಗೆ ಒಣಗಿದ ಅಂಟಿನ ವಾಸನೆ. ಮುಚ್ಚಳದ ಮೇಲಿನ ಲೇಬಲ್ಲಿನಲ್ಲಿ ‘ರಂಗಮ್ಮ ಕೋಂ ದೊಡ್ಡ_ಹನುಮಯ್ಯ’ ಎಂದಿತ್ತು. ದೊಡ್ಡ ಮತ್ತು ಹನುಮಯ್ಯನ ನಡುವೆ ಒಂದು ಅಡಿಗೆರೆ. ಆ ಗೆರೆ ನೋಡಿದ ಕೂಡಲೇ ನನಗೆ ಟೈಪಿಂಗ್ ಮಿಸ್ ನೆನಪಾದರು. ನೆನಪಾದರು ಅನ್ನುವುದಕ್ಕಿಂತ ಹಳೆಯ ಸಿಟ್ಟು ಬಂತು ಅಂದರೆ ಸರಿ. ಆ ಅಡಿಗೆರೆಯ ವಿಷಯಕ್ಕೆ ನಾನೂ ಅವರೂ ಆಡಿದ ಜಗಳ ಅಷ್ಟಿಷ್ಟಲ್ಲ.

ಶಿರಾದ ಈ ಕನ್ನಡಕದ ಅಂಗಡಿಯಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದುದು ಟೈಪಿಂಗ್ ಮಿಸ್ ಎಂದೇ. ಒಂದು ಕಾಲಕ್ಕೆ ಅವರು ಮಧುಗಿರಿಯಲ್ಲಿ ಟೈಪಿಂಗ್ ಕಲಿಸುತ್ತಿದ್ದರು. ಟೈಪ್‌ರೈಟರುಗಳನ್ನು ಕೇಳುವವರಿಲ್ಲದೆ ಹೋದ ಮೇಲೆ ಅವನ್ನೆಲ್ಲ ಗುಜರಿಗೆ ಹಾಕಿ, ಐವತ್ತರ ಹತ್ತಿರದ ವಯಸ್ಸಿನಲ್ಲಿ ತಾವೇ ಕೂತು ಕಂಪ್ಯೂಟರ್ ಕಲಿತರು. ಮಧುಗಿರಿಯಲ್ಲಿ ತಮ್ಮನ ಮನೆಯಲ್ಲಿದ್ದುಕೊಂಡು ದಿನಾ ಬಸ್ಸಿನಲ್ಲಿ ಶಿರಾಕ್ಕೆ ಬಂದು ಹೋಗುತ್ತಿದ್ದರು. ಕುಳ್ಳಗೆ, ಕಟ್ಟುಮಸ್ತಾಗಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕಂಪ್ಯೂಟರಿನ ಮುಂದೆ ಕೂತರೆ ಕೀಲಿಗಳ ಸದ್ದು ರಸ್ತೆಗೆ ಕೇಳುತ್ತಿತ್ತು. ಮಾತು ಒರಟು. ಬೇಗ ರೇಗುತ್ತಿದ್ದರು. ನಾನೂ ಅಷ್ಟೇ, ಹಾಗಾಗಿ ನಮ್ಮಿಬ್ಬರ ಮೇಜುಗಳನ್ನು ಅಕ್ಕಪಕ್ಕ ಹಾಕಿಸಿದ್ದಕ್ಕೆ ಅಂಗಡಿಯ ಮಾಲೀಕರಾದ ಭಾಯ್ ಆಗಾಗ ಹಣೆ ಚಚ್ಚಿಕೊಳ್ಳುತ್ತಿದ್ದರು.

ಅಂಗಡಿಯ ಮುಖ್ಯ ಕೆಲಸ ಆಗ ಕ್ಯಾಂಪುಗಳದ್ದು. ಒಂದು ಟ್ರಸ್ಟಿನವರು ಹಳ್ಳಿಹಳ್ಳಿಗಳಲ್ಲಿ ಕಣ್ಣು ಪರೀಕ್ಷೆ ಮಾಡಿಸಿ ಬಡವರಿಗೆ ಪುಕ್ಕಟೆ ಕನ್ನಡಕ ಕೊಡುತ್ತಿದ್ದರು. ಒಂದು ವಾರ ಮದಲೂರು, ಇನ್ನೊಂದು ವಾರ ಬರಗೂರು, ಆಮೇಲೆ ಕೊರಟಗೆರೆ ಕಡೆ, ಪಾವಗಡದ ಕಡೆ. ಗಾಜು ಉಜ್ಜಿ, ಫ್ರೇಮಿಗೆ ಕೂರಿಸಿ, ಡಬ್ಬಿಗೆ ಹಾಕಿ, ಲೇಬಲ್ ಅಂಟಿಸಿ ಕಳಿಸುವುದು ನಮ್ಮ ಪಾಲು. ಲೇಬಲ್ಲಿನ ಮೇಲೆ ಹೆಂಗಸಿನ ಹೆಸರೊಂದಿದ್ದರೆ ಸಾಲದು. ಯಾವ ಊರಿಗೆ ಹೋದರೂ ಲಕ್ಷ್ಮಮ್ಮಂದಿರು ಒಂದು ಸಾಲು, ರಂಗಮ್ಮಂದಿರು ಒಂದು ಸಾಲು. ಅದಕ್ಕೇ ‘ಕೋಂ’ ಎಂದು ಹಾಕಿ ಗಂಡನ ಹೆಸರು ಬರೆಯಬೇಕು. ಹಂಚುವವರು ಊರಿನ ಕಟ್ಟೆಯ ಮೇಲೆ ನಿಂತು ಅದನ್ನು ಗಟ್ಟಿಯಾಗಿ ಓದಿ ಕೂಗುತ್ತಿದ್ದರು.

ಹೆಂಗಸರ ಹೆಸರು, ಕಣ್ಣಿನ ನಂಬರು ಡಾಕ್ಟರ ಹಾಳೆಯಲ್ಲಿ ಬರುತ್ತಿದ್ದವು. ಗಂಡಂದಿರ ಹೆಸರು ಬಾಗಿಲಲ್ಲಿ ಕೂತ ಕಾರ್ಯಕರ್ತರ ರಿಜಿಸ್ಟರಿನಲ್ಲಿ ಬರುತ್ತಿತ್ತು. ಎರಡನ್ನೂ ಕಂಪ್ಯೂಟರಿಗೆ ಹೊಡೆಯುವವಳು ನಾನು. ಎರಡನ್ನೂ ಕೂಡಿಸಲು ಮಿಸ್ ಎರಡು ಸ್ಕ್ರಿಪ್ಟ್ ಬರೆದಿದ್ದರು, ಅಂದರೆ ತಾವಾಗಿಯೇ ಓಡುವ ಎರಡು ಚಿಕ್ಕ ಪ್ರೋಗ್ರಾಮು. ಮೊದಲನೆಯದು ಗಂಡಂದಿರ ಹೆಸರುಗಳನ್ನು ಕ್ಯೂ ಪ್ರಕಾರ ಎತ್ತಿಕೊಂಡು, ಎರಡನೆಯದನ್ನು ಕರೆಯುವ ಆಜ್ಞೆಯ ಸಾಲಿನಲ್ಲೇ ಅಷ್ಟನ್ನೂ, ನಡುವೆ ತುಸು ಜಾಗ ಬಿಟ್ಟು, ಒಂದರ ಪಕ್ಕ ಒಂದು ಜೋಡಿಸಿ ಒಪ್ಪಿಸುತ್ತಿತ್ತು. ಎರಡನೆಯದು ಹೆಂಗಸರ ಪಟ್ಟಿ ಹಿಡಿದು ಕೂತಿರುತ್ತಿತ್ತು. ಬಂದ ಗಂಡಂದಿರಲ್ಲಿ ಮೊದಲನೆಯವನು ಮೊದಲನೆಯವಳಿಗೆ, ಎರಡನೆಯವನು ಎರಡನೆಯವಳಿಗೆ ಎಂದು ಜೋಡಿ ಮಾಡಿ ಲೇಬಲ್ ಛಾಪಿಸುತ್ತಿತ್ತು. ಮದುವೆ ದಲ್ಲಾಳಿ ಕೂಡ ಇಷ್ಟು ಬೇಗ ಜೋಡಿ ಮಾಡಲಾರ ಎಂದು ಭಾಯ್ ನಗುತ್ತಿದ್ದರು.

ಮೊದಮೊದಲು ‘ದೊಡ್ಡ ಹನುಮಯ್ಯ’ ಎಂಬಂಥ ಹೆಸರು ಬಂದಾಗ ಎಡವಟ್ಟಾಗುತ್ತಿತ್ತು. ನಡುವೆ ಜಾಗವಿದ್ದುದರಿಂದ ಎರಡನೆಯ ಸ್ಕ್ರಿಪ್ಟು ಅದನ್ನು ಇಬ್ಬರೆಂದು ತಿಳಿಯುತ್ತಿತ್ತು. ಒಬ್ಬಳಿಗೆ ದೊಡ್ಡ, ಅವಳ ಹಿಂದಿನವಳಿಗೆ ಹನುಮಯ್ಯ! ಪ್ರತಿ ಹೆಸರಿನ ಎರಡೂ ಬದಿಗೆ ಕೋಟ್ ಗುರುತು ಹಾಕಿಬಿಟ್ಟರೆ ಒಳಗಿದ್ದದ್ದೆಲ್ಲ ಒಂದೇ ಎಂದು ಲೆಕ್ಕವಾಗುತ್ತದೆ, ಹಾಗೆ ಮಾಡಿ ಮಿಸ್ ಎಂದೆ. ಅವರು ಕೇಳಲಿಲ್ಲ. ನಡುವಿನ ಜಾಗಕ್ಕೆಲ್ಲ ಅಡಿಗೆರೆ ಹಾಕಿ, ಕೆಲಸ ನಡೀತಾ ಐತಲ್ಲ, ನಿಂಗೇನಮ್ಮ ಕಷ್ಟ ಎಂದರು. ಹೋಗಲಿ, ಹೆಸರುಗಳನ್ನು ಒಂದು ಫೈಲಿನಲ್ಲಿ ಬರೆದಿಟ್ಟು ಎರಡನೆಯದು ಅಲ್ಲಿಂದಲೇ ಓದಿಕೊಳ್ಳುವ ಹಾಗೆ ಮಾಡಿ ಎಂದೆ. ಅದಕ್ಕೂ ಒಪ್ಪಲಿಲ್ಲ. ಹಿಂದೆ ಒಮ್ಮೆ ಮದಲೂರಿನ ಫೈಲು ಹಾಗೇ ಉಳಿದುಕೊಂಡು ಬರಗೂರಿನ ಡಬ್ಬಿಗಳಿಗೆಲ್ಲ ಮದಲೂರಿನ ಗಂಡಂದಿರು ಬಂದು ಕೂತಿದ್ದರಂತೆ. ಕೊಡೋದನ್ನ ಕೈಯಿಂದ ಕೈಗೇ ಕೊಡಬೇಕು ಎನ್ನುವುದು ಅವರ ಹಟ. ಹಟಕ್ಕೆ ಬಿದ್ದರೆ ಅವರ ಮುಂದೆ ಗೋಡೆಯೂ ಮೆತ್ತಗೆ. ನನಗೋ ಮೈಯೆಲ್ಲ ಉರಿಯುತ್ತಿತ್ತು. ಲೇಬಲ್ಲಿನ ಮೇಲೆ ಆ ಗೆರೆ ಕಂಡಾಗಲೆಲ್ಲ ಊಟದಲ್ಲಿ ಕಲ್ಲು ಸಿಕ್ಕಿದ ಹಾಗಾಗುತ್ತಿತ್ತು.

ಆಮೇಲೆ ಬಂದದ್ದು ಬಲಸಮುದ್ರದ ಕ್ಯಾಂಪು...

ನಮ್ಮ ಕಡೆ ವಯಸ್ಸಾದ ಹೆಂಗಸರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೇಳಿದರೆ ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು, ಬೆಟ್ಟದ ಮೇಲಿನ ದೇವರ ಹೆಸರು ಎನ್ನುತ್ತಾರೆ, ಶನಿವಾರದ ದೇವರು ಎನ್ನುತ್ತಾರೆ. ಸಾಮಾನ್ಯವಾಗಿ ಹಿಂದೆ ನಿಂತವಳು ಹೇಳಿಕೊಟ್ಟುಬಿಡುತ್ತಾಳೆ. ಬಲಸಮುದ್ರದಲ್ಲಿ ಒಬ್ಬಾಕೆಯ ಹಿಂದೆ ನಿಂತವಳಿಗೂ ಆಕೆಗೂ ಮಾತಿರಲಿಲ್ಲವಂತೆ, ಅವಳು ಬೇಕೆಂದೇ ಸುಮ್ಮನಿದ್ದಳು. ರಿಜಿಸ್ಟರ್ ಬರೆಯುತ್ತಿದ್ದ ಹುಡುಗಿ ಬೇರೆ ಕಡೆಯವಳು. ಬೆಟ್ಟವೂ ತಿಳಿಯದು, ಶನಿವಾರವೂ ತಿಳಿಯದು. ಎರಡು ಸಲ ಕೇಳಿ, ‘ಕೋಂ’ ಮುಂದೆ ಖಾಲಿ ಬಿಟ್ಟು ಮುಂದಿನವರನ್ನು ಕರೆದಿದ್ದಳು. ನಾನೂ ಅದನ್ನು ಖಾಲಿಯಾಗಿಯೇ ಹೊಡೆದೆ. ರಿಜಿಸ್ಟರಿನಲ್ಲಿ ಇಲ್ಲದ್ದನ್ನು ನಾನು ಎಲ್ಲಿಂದ ತರಲಿ?

ಹಂಚುವ ದಿನ ಆ ಊರಿನಲ್ಲಿ ಆದದ್ದನ್ನು ಟ್ರಸ್ಟಿನವರು ಫೋನಿನಲ್ಲಿ ಹೇಳಿದಾಗ ಭಾಯ್ ಕೂತಲ್ಲಿಂದ ಎದ್ದು ನಿಂತರು. ಕಟ್ಟೆಯ ಮೇಲೆ ನಿಂತು ಕೂಗಿದವನು ಆಕೆಯ ಹೆಸರಿನ ಮುಂದೆ, ಆಕೆಯ ಹಿಂದೆ ನಿಂತಿದ್ದವಳ ಗಂಡನ ಹೆಸರನ್ನು ಕೂಗಿದ್ದ. ಮಾತಿಲ್ಲದ ಮನೆಯವನ ಹೆಂಡತಿ ಎಂದು, ಊರೆಲ್ಲ ಸೇರಿದ್ದಾಗ! ಅಲ್ಲಿಂದ ಮುಂದೆ ಎಲ್ಲರಿಗೂ ಹಿಂದಿನವಳ ಗಂಡ. ಕಡೆಯವಳಿಗೆ ಗಂಡನೇ ಉಳಿದಿರಲಿಲ್ಲ. ಜನ ಬಿದ್ದು ಬಿದ್ದು ನಕ್ಕರಂತೆ. ಉಳಿದ ಹೆಂಗಸರು ಒಬ್ಬರದನ್ನು ಒಬ್ಬರು ಹಾಕಿ ನೋಡಿ, ಯಾವುದು ಕಂಡಿತೋ ಅದನ್ನು ಇಟ್ಟುಕೊಂಡು ಮನೆಗೆ ಹೋದರು. ಆಕೆ ಮಾತ್ರ ಡಬ್ಬಿಯನ್ನು ಮುಟ್ಟದೆ ಎದ್ದು ಹೋಗಿದ್ದಳು. ಮುತ್ತುಗದ ಎಲೆ ಹಚ್ಚಿ ಮಾರುವ ಹೆಂಗಸು, ಕಣ್ಣು ಕಾಣದೆ ಕಡ್ಡಿಯನ್ನು ಬೆರಳಿಗೇ ಚುಚ್ಚಿಕೊಳ್ಳುತ್ತಾಳೆ, ಆದರೂ ಬೇಡ ಎನ್ನುತ್ತಾಳೆ ಎಂದು ಟ್ರಸ್ಟಿನವರು ಬೇಜಾರು ಮಾಡಿಕೊಂಡು ಆ ಡಬ್ಬಿಯನ್ನು ಅಂಗಡಿಗೇ ವಾಪಸ್ಸು ಕಳಿಸಿದರು.

ನಾನು ಒಳಗೊಳಗೇ ಹೇಳಿಕೊಂಡೆ, ನೋಡಿದಿರಾ ಮಿಸ್, ನಾನು ಬಡಕೊಂಡೆನಲ್ಲ ಎಂದು. ಅವರು ಯಾರ ಕಡೆಗೂ ನೋಡದೆ ಕಂಪ್ಯೂಟರಿನ ಮುಂದೆ ಕೂತರು. ಸುಮ್ಮನೆ ಮೂರು ಹೆಸರು ಹಾಕಿ, ನಡುವಿನದನ್ನು ಖಾಲಿ ಬಿಟ್ಟು ಕಳಿಸಿದರು. ಆ ಕಡೆ ಎರಡೇ ತಲುಪಿದವು. ಮತ್ತೆ ಕಳಿಸಿದರು, ಮತ್ತೆ ಎರಡೇ. ಸುತ್ತ ಏನೂ ಕಟ್ಟಿಲ್ಲದ ಖಾಲಿ ಹೆಸರು ದಾರಿಯಲ್ಲೇ ಜಾರಿಹೋಗುತ್ತಿತ್ತು. ಜಾರಿತು ಎಂಬ ಗುರುತೂ ಉಳಿಯುತ್ತಿರಲಿಲ್ಲ, ಹಿಂದಿನವನು ಒಂದು ಹೆಜ್ಜೆ ಮುಂದೆ ಬಂದು ಆ ಜಾಗದಲ್ಲಿ ನಿಂತುಬಿಡುತ್ತಿದ್ದ. ಕೋಟ್ ಗುರುತು ಹಾಕಿದ್ದರೆ ಒಳಗೆ ಏನೂ ಇಲ್ಲದಿದ್ದರೂ ಅದೊಂದು ಜಾಗವೆಂದು ಉಳಿಯುತ್ತಿತ್ತು. ಇಷ್ಟನ್ನು ನಾನು ಹೇಳುವ ಮೊದಲೇ ಅವರಿಗೆ ಹೊಳೆದಿತ್ತು ಎಂದು ಅವರ ಮುಖದಲ್ಲೇ ಕಂಡಿತು.

ಭಾಯ್‌ಗೆ ಇಷ್ಟೆಲ್ಲ ಬೇಕಿರಲಿಲ್ಲ. ಗಂಡನ ಹೆಸರು ಕೊಡದವರಿಗೆಲ್ಲ ‘ಇಲ್ಲ’ ಎಂದು ಹಾಕಿಬಿಡಿ, ಕಿರಿಕಿರಿ ಖತಂ ಎಂದರು. ನನಗೂ ಅದು ಸರಿ ಎನ್ನಿಸಿತು, ಒಂದು ಪದದಲ್ಲಿ ಮುಗಿಯುವ ಕೆಲಸ. ಮಿಸ್ ಕುರ್ಚಿಯನ್ನು ಹಿಂದಕ್ಕೆ ತಳ್ಳಿದರು.

“ಇಲ್ಲ ಅಂತ ಯಾರಂದ್ರು? ಆಯಮ್ಮ ಏಳ್ದೆ ಬುಟ್ಟವ್ಳೆ, ಅಷ್ಟೇಯ. ಖಾಲಿ ಬುಡೋದು ಬ್ಯಾರೆ, ಇಲ್ಲ ಅನ್ನೋದು ಬ್ಯಾರೆ. ಖಾಲಿ ಬುಟ್ಟಿದ್ದು ಖಾಲಿಯಾಗೇ ಓಗ್ಬೇಕು.”

ಅಷ್ಟು ಹೇಳಿ, ತಮ್ಮ ಅಡಿಗೆರೆಗಳನ್ನೆಲ್ಲ ತಾವೇ ಅಳಿಸಿ ಪ್ರತಿ ಹೆಸರಿಗೂ ಕೋಟ್ ಗುರುತು ಹಾಕಲು ಕೂತರು. ನೀನು ಹೇಳಿದ್ದೇ ಸರಿ ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ಬರುವುದೂ ಇಲ್ಲ ಎಂದು ನನಗೆ ಗೊತ್ತಿತ್ತು, ಆದರೂ ಸಂಜೆಯವರೆಗೆ ಕಾದೆ. ಬಂದದ್ದು ಬೇರೆ ಮಾತು. ನಾಳೆ ಬಲಸಮುದ್ರಕ್ಕೆ ಓಗಾನ, ಬುತ್ತಿ ಕಟ್ಕೊಂಡ್ ಬಾ ಎಂದರು.

ಪಾವಗಡದವರೆಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಬಿಸಿಲಿಗೆ ಕಿಟಕಿಯ ಸರಳು ಮುಟ್ಟುವ ಹಾಗಿರಲಿಲ್ಲ. ರಸ್ತೆಯುದ್ದಕ್ಕೂ ಹೊಲಗಳಲ್ಲಿ ಹಾಕಿದ್ದ ಸೋಲಾರ್ ಪ್ಲೇಟುಗಳ ಬೇಲಿ ಮುಗಿಯುವಷ್ಟರಲ್ಲಿ ನನಗೆ ತಲೆನೋವು ಶುರುವಾಗಿತ್ತು. ಒಂದು ಪುಕ್ಕಟೆ ಕನ್ನಡಕಕ್ಕೆ ಇಬ್ಬರು ಒಂದು ದಿನದ ಕೆಲಸ ಬಿಟ್ಟು ಬರಬೇಕೇ, ಬೇಡ ಎಂದವಳಿಗೆ ಬೇಡ ಎಂದು ಬಿಡಬಾರದೇ ಎಂದು ಗೊಣಗಿದೆ. ಮಿಸ್ ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕಿಟಕಿಯ ಆಚೆ ನೋಡುತ್ತಿದ್ದರು. ಕೇಳಿಸಿತೋ ಇಲ್ಲವೋ...

ಆಕೆ ಜಗಲಿಯ ಮೇಲೆ ಕೂತು ಎಲೆ ಹಚ್ಚುತ್ತಿದ್ದಳು. ಕಣ್ಣಿನಿಂದಲ್ಲ, ಬೆರಳಿನಿಂದ. ಎಲೆಯ ಅಂಚನ್ನು ತಡವಿ ನೋಡಿ ಕಡ್ಡಿ ಚುಚ್ಚುತ್ತಿದ್ದಳು. ನಾವು ಯಾರೆಂದು ಹೇಳಿದ ಕೂಡಲೇ ಮುಖ ಆ ಕಡೆ ಮಾಡಿದಳು.

“ಆ ಡಬ್ಬಿ ನಾಕು ವದ್ದಮ್ಮ. ನಂಗೆ ಬ್ಯಾಡ. ಊರಾಗೆ ನನ್ನ ತಲೆ ತಗ್ಸಿದ್ದು ಸಾಲ್ದಾ?”

ಮಿಸ್ ಸಮಾಧಾನವಾಗಿ ಹೇಳಲು ಹೊರಟರು. ಅದು ಅವರಿಗೆ ಬರದ ವಿದ್ಯೆ. ಇದು ಮಿಷನ್ನಿನ ತಪ್ಪು, ಹೊಸ ಲೇಬಲ್ ಹಾಕಿ ತಂದಿದ್ದೇವೆ, ನಿಮ್ಮ ಹೆಸರಿನ ಮುಂದೆ ಈಗ ಏನೂ ಇಲ್ಲ ನೋಡಿ ಎಂದು ಡಬ್ಬಿಯನ್ನು ಚಾಚಿದರು. ತನಗೆ ಓದಲು ಬರುವುದಿಲ್ಲ, ನೀವು ಹೇಳಿದ್ದನ್ನು ನಂಬಬೇಕು, ಮೊನ್ನೆ ಬಂದವರೂ ಹೀಗೆಯೇ ಹೇಳಿದ್ದರು ಎಂದಳು ಆಕೆ. ಮಿಸ್ ದನಿ ಏರಿತು. ಆಕೆಯ ದನಿಯೂ ಏರಿತು. ಇನ್ನೇನು ಕೈತಪ್ಪಿತು, ಮಧ್ಯಾಹ್ನದ ಬಸ್ಸಿಗೆ ಹಿಂತಿರುಗುವುದೇ ಎಂದು ನಾನು ಚಪ್ಪಲಿ ಮೆಟ್ಟಿಕೊಂಡೆ. ಆಗ ಆಕೆ ಕಡ್ಡಿಯನ್ನು ಎಲೆಯಲ್ಲೇ ಬಿಟ್ಟು ಮಿಸ್ ಕಡೆಗೆ ತಿರುಗಿದಳು.

“ಅಂಗಾದ್ರೆ ನೀನೇಳು. ನಿನ್ ಗಂಡನ್ ಹೆಸ್ರೇನು?”

ಅಂಗಡಿಯಲ್ಲಿ ಮಿಸ್ ಗಂಡನ ಬಗ್ಗೆ ಯಾರೂ ಕೇಳಿದವರಲ್ಲ. ಕೇಳುವ ಧೈರ್ಯ ಭಾಯ್‌ಗೂ ಇರಲಿಲ್ಲ. ಕೆಲಸಕ್ಕೆ ಸೇರುವಾಗ ಬರೆದುಕೊಟ್ಟ ವಿವರದಲ್ಲಿ ಗಂಡನ ಹೆಸರಿನ ಜಾಗ ಖಾಲಿ ಇತ್ತು ಎಂದಷ್ಟೇ ನನಗೆ ಗೊತ್ತಿತ್ತು. ಮಿಸ್ ಸೊಂಟದ ಸೆರಗನ್ನು ಬಿಡಿಸಿ ಮುಖ ಒರೆಸಿಕೊಂಡರು.

“ಏಳಲ್ಲ,” ಎಂದರು.

ಆಕೆ ಅವರನ್ನೇ ನೋಡಿದಳು. ಆ ಕಣ್ಣಿಗೆ ಎಷ್ಟು ಕಂಡಿತೋ ಕಾಣೆ. ಕೈ ಚಾಚಿದಳು, ಮಿಸ್ ಡಬ್ಬಿಯನ್ನು ಆ ಕೈಗೆ ಕೊಟ್ಟರು. ಕನ್ನಡಕ ಹಾಕಿಕೊಂಡು ಮೊದಲು ತನ್ನ ಬೆರಳುಗಳನ್ನು ನೋಡಿಕೊಂಡಳು. ಆಮೇಲೆ ಹಚ್ಚಿದ ಎಲೆಗಳನ್ನು ತಿರುಗಿಸಿ ನೋಡಿ, ಇಷ್ಟು ವಕ್ರವಾಗಿ ಹಚ್ಚಿದ್ದೀನಾ ಎಂದು ತನ್ನನ್ನೇ ಬೈದುಕೊಂಡಳು. ನಮಗೆ ಮಜ್ಜಿಗೆ ಕೊಟ್ಟಳು. ಹೆಸರಿನ ಮಾತು ಮತ್ತೆ ಯಾರೂ ಎತ್ತಲಿಲ್ಲ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಮಿಸ್ ತಾವಾಗಿಯೇ ಹೇಳಿದರು. ಅವರು ಅವನ ಹೆಸರನ್ನು ಹೇಳದಿರುವುದು ಆಕೆಯ ಹಾಗೆ ರೂಢಿಯಿಂದಲ್ಲ. ಮದುವೆಯಾದ ಮೂರನೆಯ ವರ್ಷಕ್ಕೇ ಅವನು ಹಿಂದೂಪುರದಲ್ಲಿ ಇನ್ನೊಂದು ಸಂಸಾರ ಹೂಡಿದ್ದ. ಇವರು ಒಂದು ಸೂಟ್‌ಕೇಸು ಹಿಡಿದು ತವರಿಗೆ ಬಂದರು. ಅವನು ಒಮ್ಮೆಯೂ ತಿರುಗಿ ನೋಡಲಿಲ್ಲ. ಆದರೆ ಅವನ ಹೆಸರು ಮಾತ್ರ ಇವರನ್ನು ಬಿಡಲಿಲ್ಲ.

“ರೇಷನ್ ಕಾರ್ಡಿಗೂ ಅವ್ನೇ, ಬ್ಯಾಂಕಿಗೂ ಅವ್ನೇ, ಕರೆಂಟ್ ಮೀಟ್ರಿಗೂ ಅವ್ನೇ. ಖಾಲಿ ಬುಟ್ರೆ ಮುಂದಕ್ ಓಗಲ್ಲ ಅಂತಾರೆ ಕಣಮ್ಮ. ಬರ್ದೂ ಬರ್ದೂ ಸಾಕಾಗೈತೆ. ಎಲ್ಲಿ ಖಾಲಿ ಬುಡಕ್ಕಾಯ್ತದೋ ಅಲ್ಲಿ ಬುಟ್ಬುಡ್ತೀನಿ.”

ಬುತ್ತಿಯಲ್ಲಿ ಉಳಿದಿದ್ದ ಚಪಾತಿಯನ್ನು ಅವರಿಗೆ ಕೊಟ್ಟೆ, ತಿಂದರು. ಶಿರಾ ಬರುವ ಹೊತ್ತಿಗೆ ಮತ್ತೆ ಮೊದಲಿನ ಹಾಗೆ, ನಾಳೆ ಬೇಗ ಬಾ, ಕೊರಟಗೆರೆ ರಿಜಿಸ್ಟರ್ ಹಾಗೇ ಬಿದ್ದಿದೆ ಎಂದು ಗದರಿದರು. ನಮ್ಮ ಜಗಳಗಳೇನೂ ಆಮೇಲೆ ಕಡಿಮೆಯಾಗಲಿಲ್ಲ. ಫ್ಯಾನಿನ ವಿಷಯಕ್ಕೆ, ಪ್ರಿಂಟರಿನ ವಿಷಯಕ್ಕೆ, ನನ್ನ ತಿದ್ದುಪಡಿಗಳ ವಿಷಯಕ್ಕೆ ದಿನಾ ಒಂದು ಇದ್ದೇ ಇತ್ತು. ಆದರೆ ಖಾಲಿ ಜಾಗ ಬಂದಾಗ ಮಾತ್ರ ಇಬ್ಬರೂ ನಿಂತು ನೋಡುತ್ತಿದ್ದೆವು, ಅದು ಖಾಲಿಯಾಗಿಯೇ ಆ ಕಡೆ ತಲುಪಿತೇ ಎಂದು.

ಮೊಣಕಾಲು ನೋವು ಜಾಸ್ತಿಯಾಗಿ ಬಸ್ಸು ಹತ್ತಲು ಕಷ್ಟವಾದಾಗ ಅವರು ಕೆಲಸ ಬಿಟ್ಟರು. ಫೋನಿನಲ್ಲಿ ಬೈಯುವುದನ್ನು ಬಿಡಲಿಲ್ಲ. ಹೋದ ವರ್ಷ ಆ ಫೋನೂ ನಿಂತಿತು. ಎರಡು ಸಲ ನಾನೇ ಮಾಡಿದಾಗ ಯಾರೂ ಎತ್ತಲಿಲ್ಲ. ಆಮೇಲೆ ಒಂದು ದಿನ ಅವರ ತಮ್ಮ ಮಾಡಿ, ಅಕ್ಕ ಹೋಗಿಬಿಟ್ಟರು, ನಾಡಿದ್ದು ತಿಥಿ, ಬನ್ನಿ ಎಂದ. ಹೋದದ್ದನ್ನು ಹೋದ ದಿನವೇ ಹೇಳಬೇಕೆಂದು ಆತನಿಗೆ ತೋಚಿರಲಿಲ್ಲ. ಮುಖ ನೋಡಲೂ ಆಗಲಿಲ್ಲವಲ್ಲ ಎಂದು ಬಸ್ಸಿನಲ್ಲಿ ಮಧುಗಿರಿಯವರೆಗೂ ಗೊಣಗುತ್ತಲೇ ಹೋದೆ.

ಅವರ ಬೀದಿಯ ತಿರುವಿನಲ್ಲೇ ಫ್ಲೆಕ್ಸ್ ಕಟ್ಟಿದ್ದರು. ಶ್ರದ್ಧಾಂಜಲಿಯ ಫ್ಲೆಕ್ಸು, ಸುತ್ತ ಹೂವಿನ ಚಿತ್ರ, ನಡುವೆ ಮಿಸ್ ಫೋಟೋ. ಎಂದೋ ಮದುವೆಯ ಕಾಲದ್ದಿರಬೇಕು, ಜಡೆಗೆ ಹೂ ಮುಡಿದು ತಲೆ ತಗ್ಗಿಸಿದ್ದರು. ಆ ಮುಖವನ್ನು ನಾನು ಕಂಡವಳೇ ಅಲ್ಲ. ಕೆಳಗೆ ಅವರ ಹೆಸರು. ಅದರ ಕೆಳಗೆ ‘ಶ್ರೀ’ ಎಂದು ಹಾಕಿ ಹಿಂದೂಪುರದವನ ಹೆಸರು, ಆಮೇಲೆ ‘ಅವರ ಧರ್ಮಪತ್ನಿ’ ಎಂದು. ಅವರ ಬಾಯಿಂದ ನಾನು ಒಮ್ಮೆಯೂ ಕೇಳದ ಹೆಸರನ್ನು ಮೊದಲ ಸಲ ಓದಿದ್ದು ಅಲ್ಲಿ, ಬೀದಿಯಲ್ಲಿ ನಿಂತು. ಅಕ್ಷರ ಓದಲು ಬರುವವರೆಲ್ಲ ಓದಿಕೊಂಡು ಹೋಗುತ್ತಿದ್ದರು.

ಸಿಟ್ಟು ತಡೆಯಲಾಗಲಿಲ್ಲ. ಊಟಕ್ಕೆ ಬಡಿಸುತ್ತಿದ್ದ ತಮ್ಮನನ್ನು ಪಕ್ಕಕ್ಕೆ ಕರೆದು, ಇದನ್ನು ಯಾರು ಹಾಕಿಸಿದ್ದು, ಅವರಿಗೆ ಇದು ಇಷ್ಟವಿರಲಿಲ್ಲ ಎಂದೆ. ಆತ ಕೆಟ್ಟವನಲ್ಲ. ಅಷ್ಟು ವರ್ಷ ಅಕ್ಕನನ್ನು ಮನೆಯಲ್ಲಿಟ್ಟುಕೊಂಡವನು, ಕಡೆಗಾಲಕ್ಕೆ ಎತ್ತಿ ಕೂರಿಸಿ ಊಟ ಮಾಡಿಸಿದವನು. ಅದೇ ನನ್ನನ್ನು ಇನ್ನಷ್ಟು ಕೆರಳಿಸಿತು.

“ಅವ್ನು ಇನ್ನೂ ಬದ್ಕವ್ನೆ ಕಣಮ್ಮ. ಮುತ್ತೈದೆಯಾಗಿ ಓದ್ಲು ಅಂತಾದ್ರೂ ನಾಕ್ ಜನ ಅನ್ಲಿ. ಖಾಲಿ ಬುಟ್ರೆ ಏನಂದ್ಕಂತಾರೆ? ಅಷ್ಟಕ್ಕೂ ಅಕ್ಕ ಯಾವತ್ತಾದ್ರೂ ಬ್ಯಾಡ ಅಂದಿದ್ಲಾ?”

ಅಂದಿರಲಿಲ್ಲ. ಆ ಮನೆಯಲ್ಲಿ ಅವರು ಯಾರ ಹತ್ತಿರವೂ ಅಂದಿರಲಿಲ್ಲ. ಎಲ್ಲಿ ಖಾಲಿ ಬಿಡಲಾಗುತ್ತದೋ ಅಲ್ಲಿ ಸುಮ್ಮನೆ ಬಿಟ್ಟುಕೊಂಡು ಬಂದಿದ್ದರು, ಅದನ್ನು ಆತ ಮರೆವು ಅಂದುಕೊಂಡಿದ್ದ. ಬಸ್ಸಿನಲ್ಲಿ ಅವರು ನನಗೆ ಹೇಳಿದ್ದನ್ನು ಆತನಿಗೆ ಹೇಳಿದೆ. ಆತ ಕೈಯಲ್ಲಿ ಸಾರಿನ ಬಕೆಟ್ಟು ಹಿಡಿದು ಪೂರ್ತಿ ಕೇಳಿಸಿಕೊಂಡು, ಆಗಿದ್ದು ಆಗೋಯ್ತು, ನೀವು ಎಲೆಯ ಮುಂದೆ ಕೂತ್ಕಳಿ ಎಂದು ಒಳಗೆ ಹೋದ. ನಾನು ಊಟಕ್ಕೆ ಕೂರಲಿಲ್ಲ.

ಇದಾಗಿ ತಿಂಗಳುಗಳು ಕಳೆದವು. ಅಂಗಡಿಯಲ್ಲಿ ಈಗ ಕ್ಯಾಂಪಿನ ಕೆಲಸವೆಲ್ಲ ಟ್ರಸ್ಟಿನವರದೇ ಹೊಸ ಆ್ಯಪಿನಲ್ಲಿ. ಗಂಡನ ಅಥವಾ ತಂದೆಯ ಹೆಸರಿನ ಜಾಗದ ಪಕ್ಕ ಕೆಂಪು ಚುಕ್ಕೆ ಇದೆ, ತುಂಬದಿದ್ದರೆ ಅದು ಮುಂದಿನ ಪುಟವನ್ನೇ ತೆರೆಯುವುದಿಲ್ಲ. ಕ್ಯಾಂಪಿನ ಹುಡುಗಿಯರು ಏನಾದರೊಂದು ಹೊಡೆದು ಮುಂದೆ ಹೋಗುತ್ತಾರೆ. ಆ ಚುಕ್ಕೆ ತೆಗೆಸಿ ಎಂದು ಎಷ್ಟೋ ಸಲ ಫೋನ್ ಮಾಡಿದ್ದೇನೆ. ಆಗಲಿ ಮೇಡಂ, ನೋಡೋಣ ಎನ್ನುತ್ತಾರೆ, ನೋಡುವುದಿಲ್ಲ.

ಮೊನ್ನೆ ಕೆಲಸದ ಮೇಲೆ ಮಧುಗಿರಿಗೆ ಹೋಗಿದ್ದೆ. ಬೇಡವೆಂದುಕೊಂಡರೂ ಕಾಲು ಆ ಬೀದಿಗೇ ಹೋಯಿತು. ಫ್ಲೆಕ್ಸ್ ಇನ್ನೂ ಇತ್ತು. ಬಿಸಿಲಿಗೆ ಫೋಟೋ ಬೆಳ್ಳಗಾಗಿ ಮುಖ ಗುರುತು ಸಿಗುವ ಹಾಗಿರಲಿಲ್ಲ. ಮಿಸ್ ಹೆಸರನ್ನು ಕೆಂಪು ಬಣ್ಣದಲ್ಲಿ ಬರೆಸಿದ್ದರು, ಅದೂ ಮಾಸಿತ್ತು. ಅವನ ಹೆಸರು ಕಪ್ಪು ಬಣ್ಣದಲ್ಲಿತ್ತು, ಚೆನ್ನಾಗಿ ಓದಲು ಬರುತ್ತಿತ್ತು. ಅದನ್ನು ಕಂಡು ಬೀದಿ ಕೇಳುವ ಹಾಗೆ ಬೈಯಬೇಕಾದವರು ಒಬ್ಬರೇ ಒಬ್ಬರು, ಅವರಿಲ್ಲ.